ಸೂಚನೆಯ ಅಂಚೆ ಮತ್ತು ಮೌನದ ಅರ್ಥ: ಹೊಸ ಸಂಶೋಧನ ಲೇಖನಗಳನ್ನು ತಿಳಿಸುವ ತಂತ್ರಾಂಶ ಹಾಗೂ ಕನ್ನಡ ಭಾಷಾವಿಜ್ಞಾನ

ಸಾರಾಂಶ: ಹೊಸದಾಗಿ ಪ್ರಕಟವಾದ ಲೇಖನಗಳನ್ನು ಮಿಂಚಂಚೆಯ ಮೂಲಕ ತಿಳಿಸುವ ಸಾಧನಗಳು ಇಂದು ಸಂಶೋಧನೆಯ ನಿತ್ಯದ ಉಪಕರಣಗಳಾಗಿವೆ. ಗೂಗಲ್ ಸ್ಕಾಲರ್‌ನ ಅಲರ್ಟ್ ಸೌಲಭ್ಯವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು, ಇಂತಹ ಸಾಧನಗಳ ಹಿಂದಿರುವ ಭಾಷಿಕ ಗೃಹೀತಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ. ಪದರೂಪ, ಪರಿಭಾಷೆ, ಕಾಗುಣಿತ ಮತ್ತು ಅಕ್ಷರಸಂಕೇತ ಈ ನಾಲ್ಕು ನೆಲೆಗಳಲ್ಲಿ ಕನ್ನಡದ ವಿದ್ವತ್ ಬರವಣಿಗೆ ಇವುಗಳ ಕಣ್ತಪ್ಪುತ್ತದೆ ಎಂಬುದೂ, ಸಾಧನದ ಮೌನವನ್ನು ಅಧ್ಯಯನದ ಅಭಾವವೆಂದು ಓದುವುದು ವಿಧಾನದ ದೋಷವೆಂಬುದೂ ಇಲ್ಲಿಯ ವಾದ.

ಪ್ರಮುಖ ಪದಗಳು: ಸೂಚನಾ ಸೇವೆ, ಪದರೂಪ, ಪರಿಭಾಷೆ, ಯೂನಿಕೋಡ್, ಸಾಹಿತ್ಯ ಸಮೀಕ್ಷೆ

1. ಪೀಠಿಕೆ

ಪಿಎಚ್.ಡಿ. ಮಹಾಪ್ರಬಂಧಗಳ ಮೊದಲ ಅಧ್ಯಾಯದಲ್ಲಿ ಬಹುಮಟ್ಟಿಗೆ ತಪ್ಪದೆ ಕಾಣಿಸಿಕೊಳ್ಳುವ ಒಂದು ವಾಕ್ಯವಿದೆ: ಈ ವಿಷಯವನ್ನು ಕುರಿತು ಈವರೆಗೆ ಸಮಗ್ರವಾದ ಅಧ್ಯಯನ ನಡೆದಿಲ್ಲ. ಹಿಂದೆ ಈ ವಾಕ್ಯದ ಹಿಂದೆ ಗ್ರಂಥಾಲಯದ ಕಪಾಟುಗಳ ಮುಂದೆ ಕಳೆದ ತಿಂಗಳುಗಳಿರುತ್ತಿದ್ದವು. ಹಳೆಯ ಸಂಪುಟಗಳ ವಿಷಯಸೂಚಿಗಳನ್ನು ಒಂದೊಂದಾಗಿ ತಿರುವಿ ಹಾಕಿದ ಬೆರಳುಗಳಿರುತ್ತಿದ್ದವು. ಇಂದು ಅದರ ಹಿಂದೆ ಅನೇಕ ವೇಳೆ ಇರುವುದು ನಾಲ್ಕಾರು ಸೂಚನಾ ಕೋರಿಕೆಗಳು ಮಾತ್ರ. ಸಂಶೋಧಕರು ಕೆಲವು ಪದಗಳನ್ನು ಒಮ್ಮೆ ಬರೆದಿಡುತ್ತಾರೆ; ಆ ಪದಗಳಿಗೆ ಹೊಂದುವ ಲೇಖನ ಪ್ರಕಟವಾದಾಗ ತಂತ್ರಾಂಶವು ಅವರಿಗೆ ಅಂಚೆ ಕಳಿಸುತ್ತದೆ. ಅಂಚೆ ಬಾರದಿದ್ದರೆ ಹೊಸದೇನೂ ಬಂದಿಲ್ಲವೆಂದು ಭಾವಿಸಲಾಗುತ್ತದೆ.

ನಮ್ಮ ಆಕ್ಷೇಪವಿರುವುದು ಈ ಕೊನೆಯ ಹೆಜ್ಜೆಗೆ. ಸಾಧನ ತಂದುಕೊಡುವುದನ್ನು ನಾವು ಓದಿ ಪರೀಕ್ಷಿಸಬಲ್ಲೆವು. ತಂದುಕೊಡದೆ ಬಿಟ್ಟದ್ದನ್ನು ಪರೀಕ್ಷಿಸುವ ದಾರಿ ಸಾಧನದೊಳಗೆ ಇಲ್ಲ. ನಮಗೆ ತಿಳಿದ ಒಂದು ಮೌಖಿಕ ಪರೀಕ್ಷೆಯಲ್ಲಿ, ಪ್ರೇರಣಾರ್ಥಕ ಕ್ರಿಯಾಪದಗಳ ಮೇಲೆ ವರ್ಷಗಟ್ಟಲೆ ಶ್ರಮಿಸಿದ್ದ ವಿದ್ಯಾರ್ಥಿನಿಗೆ ಪರೀಕ್ಷಕರು ವಿಶ್ವವಿದ್ಯಾಲಯವೊಂದರ ಹಳೆಯ ಕನ್ನಡ ನಿಯತಕಾಲಿಕದ ಲೇಖನವೊಂದನ್ನು ತೋರಿಸಿದರು. ಆಕೆ ಹೊಸತೆಂದು ಮಂಡಿಸಿದ್ದ ದತ್ತಾಂಶದ ಒಂದು ಭಾಗ ಅಲ್ಲಿ ಆಗಲೇ ಇತ್ತು. ಆಕೆ ಆಲಸಿಯಾಗಿರಲಿಲ್ಲ, ಸೂಚನೆಗಳನ್ನು ವಾರವಾರವೂ ಓದಿದ್ದಳು. ಅವು ಆ ಲೇಖನವನ್ನು ಹೇಳುವ ಸ್ಥಿತಿಯಲ್ಲಿಯೇ ಇರಲಿಲ್ಲ. ಏಕೆ ಇರಲಿಲ್ಲ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

2. ಸೂಚನಾ ಸೇವೆಯ ಹಿನ್ನೆಲೆ

ಓದುಗನ ಆಸಕ್ತಿಯನ್ನು ಮೊದಲೇ ದಾಖಲಿಸಿಕೊಂಡು, ಹೊಸ ದಾಖಲೆಗಳನ್ನು ಅದರೊಡನೆ ಹೋಲಿಸಿ, ಹೊಂದುವುದನ್ನು ಮಾತ್ರ ತಲುಪಿಸುವ ಕಲ್ಪನೆ ಅಂತರ್ಜಾಲಕ್ಕಿಂತ ಹಳೆಯದು. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1958ರಲ್ಲಿ ಇದನ್ನು ಯಂತ್ರವ್ಯವಸ್ಥೆಯಾಗಿ ನಿರೂಪಿಸಿದರು. ದಾಖಲೆಯ ಪದಗಳಿಂದ ಒಂದು ಚಿತ್ರ, ಓದುಗನ ಆಸಕ್ತಿಯಿಂದ ಇನ್ನೊಂದು ಚಿತ್ರ, ಇವೆರಡರ ಹೋಲಿಕೆ: ಇಂದಿನ ಅಲರ್ಟ್‌ಗಳ ಅಸ್ಥಿಪಂಜರ ಇದೇ. ಇದಕ್ಕೆ ಪರ್ಯಾಯವಾದ ಮಾರ್ಗವನ್ನು ಯೂಜೀನ್ ಗಾರ್ಫೀಲ್ಡ್ ತೋರಿಸಿದರು. ಅವರ ಸಂಸ್ಥೆ 1964ರಲ್ಲಿ ವಿಜ್ಞಾನ ಉಲ್ಲೇಖಸೂಚಿಯನ್ನು ಹೊರತಂದು, ಮರುವರ್ಷವೇ ಉಲ್ಲೇಖಗಳನ್ನು ಆಧರಿಸಿದ ಸೂಚನಾ ಸೇವೆಯನ್ನು ಆರಂಭಿಸಿತು. ಪದಗಳನ್ನು ಹಿಂಬಾಲಿಸುವುದು ಒಂದು ದಾರಿ, ಉಲ್ಲೇಖಗಳನ್ನು ಹಿಂಬಾಲಿಸುವುದು ಮತ್ತೊಂದು. 2004ರಲ್ಲಿ ಆರಂಭವಾದ ಗೂಗಲ್ ಸ್ಕಾಲರ್ ತನ್ನ ಅಲರ್ಟ್‌ಗಳಲ್ಲಿ ಇವೆರಡನ್ನೂ ಉಚಿತವಾಗಿ ಒದಗಿಸಿದೆ.

ಭಾಷಾವಿಜ್ಞಾನಿಗೆ ಇಲ್ಲಿ ಕುತೂಹಲಕರವಾಗುವುದು, ಎರಡು ಪದರೂಪಗಳು ಒಂದೇ ಪದದ್ದೆಂದು ಯಂತ್ರ ಹೇಗೆ ನಿರ್ಧರಿಸುತ್ತದೆ ಎಂಬ ಪ್ರಶ್ನೆ. ಲೂನ್ ಅದೇ ವರ್ಷ ಪ್ರಕಟಿಸಿದ, ಸಾರಾಂಶಗಳ ಯಾಂತ್ರಿಕ ರಚನೆಯನ್ನು ಕುರಿತ ಲೇಖನದಲ್ಲಿ ಇದಕ್ಕೊಂದು ಸರಳ ಸೂತ್ರವಿದೆ. ಅಕಾರಾದಿಯಲ್ಲಿ ಪಕ್ಕಪಕ್ಕದಲ್ಲಿ ಬರುವ ಎರಡು ಪದಗಳನ್ನು ಅಕ್ಷರಶಃ ಹೋಲಿಸಬೇಕು. ಅವು ಬೇರೆಯಾಗುವ ಸ್ಥಾನದಿಂದ ಮುಂದೆ ಎರಡರಲ್ಲೂ ಉಳಿದ ಅಕ್ಷರಗಳನ್ನು ಒಟ್ಟು ಎಣಿಸಬೇಕು. ಮೊತ್ತ ಆರನ್ನು ಮೀರದಿದ್ದರೆ ಎರಡೂ ಒಂದೇ ಭಾವದವು. ಇಂಗ್ಲಿಷಿನಂತಹ, ಪ್ರತ್ಯಯಗಳು ಕಡಿಮೆಯಿರುವ ಭಾಷೆಗೆ ಇದು ಸಾಕಷ್ಟು ಒಳ್ಳೆಯ ಅಂದಾಜು.

ಇದನ್ನು ಕನ್ನಡಕ್ಕೆ ಅನ್ವಯಿಸಿ ನೋಡೋಣ. ಯೂನಿಕೋಡ್ ಸಂಕೇತಗಳನ್ನೇ ಅಕ್ಷರಗಳೆಂದು ಎಣಿಸೋಣ. ‘ಮರ’ ಮತ್ತು ‘ಮರಗಳಿಂದ’ ಜೋಡಿಯಲ್ಲಿ ಉಳಿಯುವ ಸಂಕೇತಗಳು ಐದು. ಸೂತ್ರ ಅವನ್ನು ಒಂದೇ ಎನ್ನುತ್ತದೆ. ‘ಮರ’ ಮತ್ತು ‘ಮರಗಳಿಂದಲೇ’ ಜೋಡಿಯಲ್ಲಿ ಅವು ಏಳು. ಒಂದು ಅವಧಾರಣೆಯ ಏಕಾರ ಸೇರಿದ ಮಾತ್ರಕ್ಕೆ ಮರ ಬೇರೊಂದು ವಸ್ತುವಾಗಿಬಿಡುತ್ತದೆ. ಅತ್ತ ‘ಮರ’ ಮತ್ತು ‘ಮರಣ’ಗಳ ನಡುವಣ ಅಂತರ ಒಂದೇ ಸಂಕೇತ, ಅವು ಸೂತ್ರದ ದೃಷ್ಟಿಯಲ್ಲಿ ಅಭಿನ್ನ. ‘ಮಾಡಿದ’, ‘ಮಾಡಿಸಿದ’ ರೂಪಗಳ ಅಂತರ ನಾಲ್ಕು, ಅವೂ ಒಂದೇ. ಪ್ರೇರಣಾರ್ಥಕವನ್ನು ಅಧ್ಯಯನ ಮಾಡುವವರಿಗೆ ಬೇಕಾದ ವ್ಯತ್ಯಾಸವನ್ನೇ ಸೂತ್ರವು ಅಳಿಸಿಹಾಕುತ್ತದೆ. ಬೇಡವಾದ ವ್ಯತ್ಯಾಸವನ್ನು ಎತ್ತಿಹಿಡಿಯುತ್ತದೆ.

ಇಂದಿನ ಸಾಧನಗಳು ಈ ಸೂತ್ರವನ್ನೇ ಬಳಸುತ್ತವೆ ಎಂದು ನಾವು ಹೇಳುತ್ತಿಲ್ಲ. ಆದರೆ ಸೂತ್ರ ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ. ರೂಪಗಳ ಏಕತೆಯನ್ನು ಯಾವುದಾದರೊಂದು ಭಾಷೆಯ ಪದರಚನೆಯನ್ನು ಅರಿತೇ ನಿರ್ಧರಿಸಬೇಕು. ಸ್ಕಾಲರ್ ತನ್ನ ಹೊಂದಾಣಿಕೆಯ ನಿಯಮಗಳನ್ನು ಬಹಿರಂಗಪಡಿಸುವುದಿಲ್ಲವಾದ್ದರಿಂದ, ಸಂಶೋಧಕರು ಸುರಕ್ಷಿತವಾಗಿ ನಂಬಬಹುದಾದದ್ದು ತಾವು ಬರೆದ ಪದದ ಯಥಾವತ್ ರೂಪವನ್ನು ಮಾತ್ರ. ‘ವಿಭಕ್ತಿ’ ಎಂದು ಕೋರಿದವರು ‘ವಿಭಕ್ತಿಯ’, ‘ವಿಭಕ್ತಿಗಳಲ್ಲಿ’, ‘ವಿಭಕ್ತಿಪ್ರತ್ಯಯಗಳನ್ನು’ ಎಂಬ ರೂಪಗಳೂ ತಮ್ಮ ಬಲೆಗೆ ಬಿದ್ದಿವೆಯೆಂದು ಊಹಿಸುವಂತಿಲ್ಲ.

3. ಪರಿಭಾಷೆಯ ತೊಡಕು

ನಮ್ಮ ಶಾಸ್ತ್ರದ ಪಾರಿಭಾಷಿಕ ಪದಗಳು ಲೋಕರೂಢಿಯ ಪದಗಳನ್ನೇ ಎರವಲು ಪಡೆದಿರುವುದು ಎಲ್ಲ ಭಾಷೆಗಳಲ್ಲೂ ಇರುವ ಸಂಗತಿ. ಇಂಗ್ಲಿಷಿನ ‘ಕೇಸ್’ ಎಂಬುದನ್ನು ಸೂಚನೆಗೆ ಕೊಟ್ಟವರಿಗೆ ವಿಭಕ್ತಿಗಿಂತ ಮೊದಲು ರೋಗಿಯ ಪ್ರಕರಣ ವರದಿ ಬರುತ್ತದೆ. ‘ಸ್ಟ್ರೆಸ್’ ಎಂದವರಿಗೆ ಮನೋರೋಗ, ಉಕ್ಕಿನ ತೊಲೆ ಎರಡೂ ಬರುತ್ತವೆ. ಕನ್ನಡದಲ್ಲಿ ಈ ತೊಡಕಿಗೆ ತನ್ನದೇ ಆದ ಬಣ್ಣವಿದೆ. ‘ವಚನ’ವೆಂದು ಕೇಳಿದವರ ಮುಂದೆ ವ್ಯಾಕರಣಕ್ಕಿಂತ ಮೊದಲು ಬಸವಣ್ಣ, ಅಲ್ಲಮಪ್ರಭುಗಳೇ ಬಂದು ನಿಲ್ಲುವುದು ಸಹಜ. ಅದೇ ಹೊತ್ತಿಗೆ ‘ಏಕವಚನ’, ‘ಬಹುವಚನ’ಗಳು ಸಮಸ್ತಪದಗಳಾದ್ದರಿಂದ ‘ವಚನ’ ಎಂಬ ಬಿಡಿ ಪದದ ಹೊಂದಾಣಿಕೆಯಿಂದ ಹೊರಗುಳಿಯಬಹುದು. ಬೇಡದ್ದು ಬಂದು, ಬೇಕಾದ್ದು ಬಾರದ ಸ್ಥಿತಿ ಇದು. ‘ಲಿಂಗ’, ‘ಧಾತು’, ‘ಸಂಧಿ’, ‘ವರ್ಣ’, ‘ಸ್ವರ’ ಇವುಗಳಲ್ಲಿ ಯಾವುದೂ ವೈಯಾಕರಣರ ಸ್ವತ್ತಾಗಿ ಮಾತ್ರ ಉಳಿದಿಲ್ಲ. ಧರ್ಮ, ರಸಾಯನ, ವೈದ್ಯ, ಸಮಾಜ, ಸಂಗೀತ ಎಲ್ಲಕ್ಕೂ ಅವುಗಳಲ್ಲಿ ಪಾಲಿದೆ.

ಒಂದು ಪದಕ್ಕೆ ಹಲವು ಅರ್ಥಗಳಿರುವುದಕ್ಕಿಂತ ಒಂದು ಪರಿಕಲ್ಪನೆಗೆ ಹಲವು ಪದಗಳಿರುವುದು ಹೆಚ್ಚು ಅಪಾಯಕರ. ಮೊದಲನೆಯದು ಅಂಚೆಪೆಟ್ಟಿಗೆಯನ್ನು ತುಂಬಿಸುತ್ತದೆ. ಎರಡನೆಯದು ಅದನ್ನು ಸದ್ದಿಲ್ಲದೆ ಬರಿದಾಗಿಸುತ್ತದೆ. ಕನ್ನಡದಲ್ಲಿ ಒಬ್ಬರು ‘ಧ್ವನಿಮಾ’ ಎಂದದ್ದನ್ನು ಇನ್ನೊಬ್ಬರು ‘ಸ್ವನಿಮ’ ಎಂದಿದ್ದಾರೆ, ಮತ್ತೊಬ್ಬರು ಇಂಗ್ಲಿಷ್ ಪದವನ್ನೇ ಲಿಪ್ಯಂತರಿಸಿ ‘ಫೋನೀಮ್’ ಎಂದಿದ್ದಾರೆ. ‘ಆಕೃತಿಮಾ’, ‘ರೂಪಿಮ’ಗಳ ಕಥೆಯೂ ಇದೇ.

ಇದರ ಸ್ಪಷ್ಟವಾದ ನಿದರ್ಶನ ಡಿ. ಎನ್. ಶಂಕರ ಭಟ್ಟರ ಬರಹ. ಅವರ ಇಂಗ್ಲಿಷ್ ಗ್ರಂಥಗಳು ಲೋಕದ ಭಾಷಾವಿಜ್ಞಾನಿಗಳಿಗೆ ಪರಿಚಿತ. ಗುಣವಾಚಕಗಳನ್ನು ಕುರಿತ 1994ರ ಗ್ರಂಥ, ಕಾಲ, ಕ್ರಿಯಾಸ್ಥಿತಿ ಮತ್ತು ಅರ್ಥಗಳ ಪ್ರಾಧಾನ್ಯವನ್ನು ಕುರಿತ 1999ರ ಗ್ರಂಥ, ಸರ್ವನಾಮಗಳನ್ನು ಕುರಿತ 2004ರ ಗ್ರಂಥ ಇವು ಎಲ್ಲ ಸೂಚಿಗಳಲ್ಲೂ ಸುಲಭವಾಗಿ ಸಿಗುತ್ತವೆ. ಕನ್ನಡದಲ್ಲಿ ಅವರು ಮಹಾಪ್ರಾಣಾಕ್ಷರಗಳನ್ನು ಕೈಬಿಟ್ಟು, ಸಂಸ್ಕೃತ ಪರಿಭಾಷೆಯ ಬದಲಿಗೆ ಕನ್ನಡದ್ದೇ ಪದಗಳನ್ನು ಕಟ್ಟಿ ಬರೆದರು. ಅಲ್ಲಿ ವ್ಯಾಕರಣ ‘ಸೊಲ್ಲರಿಮೆ’ಯಾಗುತ್ತದೆ, ನಾಮಪದ ‘ಹೆಸರುಪದ’ವಾಗುತ್ತದೆ, ಕ್ರಿಯಾಪದ ‘ಎಸಕಪದ’ವಾಗುತ್ತದೆ, ಭಾಷೆ ‘ಬಾಶೆ’ಯಾಗುತ್ತದೆ, ಭಟ್ಟರ ಹೆಸರೂ ‘ಬಟ್’ ಆಗುತ್ತದೆ. ‘ಭಾಷೆ’, ‘ವ್ಯಾಕರಣ’, ‘ಭಟ್’ ಎಂಬ ಮೂರು ಪದಗಳನ್ನು ಸೂಚನೆಗೆ ಕೊಟ್ಟು ಕುಳಿತ ವಿದ್ಯಾರ್ಥಿಗೆ ಇಂತಹ ಗ್ರಂಥ ಮೂರೂ ಬಾಗಿಲುಗಳಲ್ಲಿ ಕಾಣಿಸದೆ ದಾಟಿಹೋಗಬಲ್ಲದು. ಈ ಕಾಗುಣಿತ ಸುಧಾರಣೆಯನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಒಪ್ಪದವರೂ ಆ ಬರಹವನ್ನು ಓದಿಯೇ ನಿರಾಕರಿಸಬೇಕಷ್ಟೆ. ಕಾಣದೆ ನಿರಾಕರಿಸುವ ಹಕ್ಕು ಯಾರಿಗೂ ಇಲ್ಲ.

ರೋಮನ್ ಲಿಪಿಗೆ ಬಂದರೂ ತೊಡಕು ತೀರುವುದಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಚಿಹ್ನೆಗಳೊಡನೆ, ಚಿಹ್ನೆಗಳಿಲ್ಲದೆ, ಶಕಾರಕ್ಕೆ ಒಂದಕ್ಷರವಿಟ್ಟು, ಎರಡಕ್ಷರವಿಟ್ಟು ಬರೆಯುವ ರೂಢಿಗಳೆಲ್ಲ ಇವೆ. ಲೇಖಕರ ಹೆಸರುಗಳಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಡುವ ನಮ್ಮ ಪದ್ಧತಿ, ಕೊನೆಯ ಪದವನ್ನು ಕುಲನಾಮವೆಂದೇ ತಿಳಿಯುವ ಸೂಚಿಗಳಲ್ಲಿ ಒಬ್ಬರನ್ನು ಇಬ್ಬರಾಗಿ, ಇಬ್ಬರನ್ನು ಒಬ್ಬರಾಗಿ ಮಾಡಬಲ್ಲದು.

4. ಕಾಣದ ಪುಟಗಳು

ಇದುವರೆಗೆ ಹೇಳಿದ್ದು ಲೇಖನ ಯಂತ್ರದ ಕಣ್ಣಿಗೆ ಬಿದ್ದ ಮೇಲಿನ ಕಷ್ಟ. ಬಹಳಷ್ಟು ಕನ್ನಡ ಬರಹ ಆ ಹಂತವನ್ನೇ ತಲುಪುವುದಿಲ್ಲ. ಯೂನಿಕೋಡ್ ರೂಢಿಗೆ ಬರುವ ಮೊದಲು, ಬಂದ ಮೇಲೂ ಮುದ್ರಣಾಲಯಗಳಲ್ಲಿ ಬಹುಕಾಲ, ಕನ್ನಡವನ್ನು ಅಚ್ಚಿಸಿದ್ದು ರೋಮನ್ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿದ ಅಕ್ಷರವಿನ್ಯಾಸಗಳಲ್ಲಿ. ಇಂತಹ ಕಡತದಲ್ಲಿ ‘ಕನ್ನಡ’ ಎಂಬ ಪದ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಆದರೆ ನುಡಿ ತಂತ್ರಾಂಶದ ಹಳೆಯ ವಿನ್ಯಾಸದಲ್ಲಿ ಅದರ ಒಳಗಿರುವುದು ರೋಮನ್ ‘ಪಿ’ಯಿಂದ ಆರಂಭವಾಗಿ, ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆಯನ್ನೂ ಜರ್ಮನ್ ಬರವಣಿಗೆಯ ಇಮ್ಮಡಿ ‘ಎಸ್’ ಅನ್ನೂ ಹೊತ್ತ ಏಳು ಸಂಕೇತಗಳ ಸರಣಿ. ಯಂತ್ರದ ಪಾಲಿಗೆ ಅದು ಯಾವ ಭಾಷೆಯೂ ಅಲ್ಲ. ಪುಟಗಳನ್ನು ಚಿತ್ರಗಳಾಗಿ ಸ್ಕ್ಯಾನ್ ಮಾಡಿಟ್ಟ ಸಂಪುಟಗಳಲ್ಲಂತೂ ಆ ಸರಣಿಯೂ ಇರುವುದಿಲ್ಲ.

ಸ್ಕಾಲರ್ ಪ್ರಕಾಶಕರಿಗೆ ಕೊಟ್ಟಿರುವ ಮಾರ್ಗದರ್ಶಿಕೆ ಈ ದೃಷ್ಟಿಯಿಂದ ಓದಲು ಯೋಗ್ಯ. ಪ್ರತಿ ಲೇಖನ ಪ್ರತ್ಯೇಕ ಕಡತವಾಗಿರಬೇಕು. ಕಡತದ ಪಠ್ಯ ಹುಡುಕಲು ಬರುವಂತಿರಬೇಕು, ಗಾತ್ರ ಐದು ಮೆಗಾಬೈಟ್ ಮೀರಬಾರದು. ಶೀರ್ಷಿಕೆ ಮೊದಲ ಪುಟದಲ್ಲಿ ದೊಡ್ಡಕ್ಷರಗಳಲ್ಲಿದ್ದು ಲೇಖಕರ ಹೆಸರು ಅದರ ಕೆಳಗಿರಬೇಕು. ಕೊನೆಯಲ್ಲಿ ‘ರೆಫರೆನ್ಸಸ್’ ಅಥವಾ ‘ಬಿಬ್ಲಿಯೋಗ್ರಫಿ’ ಎಂಬಂತಹ ತಲೆಬರಹದ ಭಾಗವಿರಬೇಕು. ನಮ್ಮ ನಿಯತಕಾಲಿಕಗಳು ಇಡೀ ಸಂಚಿಕೆಯನ್ನು ಒಂದೇ ಕಡತವಾಗಿ ಏರಿಸುತ್ತವೆ. ಲೇಖನದ ಕೊನೆಗೆ ‘ಗ್ರಂಥಋಣ’, ‘ಆಕರಗಳು’, ‘ಪರಾಮರ್ಶನ ಗ್ರಂಥಗಳು’ ಎಂದು ಬರೆಯುತ್ತವೆ. ‘ಗ್ರಂಥಋಣ’ ಎಂಬ ಮಾತಿನಲ್ಲಿ ಒಂದು ವಿನಯವಿದೆ. ಆದರೆ ಯಂತ್ರಕ್ಕೆ ಆ ಋಣದ ಲೆಕ್ಕ ತಿಳಿಯದೆ ಹೋಗಬಹುದು. ಮಾರ್ಗದರ್ಶಿಕೆ ಕನ್ನಡವನ್ನು ಹೊರಗಿಡಲೆಂದು ಬರೆದದ್ದಲ್ಲ. ಅದು ಒಂದು ಬಗೆಯ ಲೇಖನವನ್ನು ಲೇಖನದ ಸಹಜ ರೂಪವೆಂದು ತಿಳಿದಿದೆ. ನಮ್ಮದು ಆ ರೂಪದಲ್ಲಿಲ್ಲ.

5. ಉಲ್ಲೇಖವನ್ನು ಹಿಂಬಾಲಿಸುವ ದಾರಿ ಮತ್ತು ಅರ್ಥಸಾಮ್ಯದ ದಾರಿ

ಪದ ಕೈಕೊಟ್ಟರೂ ಉಲ್ಲೇಖ ಕೈಹಿಡಿಯುತ್ತದೆ ಎಂಬ ಸಮಾಧಾನವಿದೆ. ಅದರಲ್ಲಿ ನಿಜವಿಲ್ಲದಿಲ್ಲ. ಜೆಫ್ರಿ ಲಿಡ್ಜ್ ಮತ್ತು ಸಹಲೇಖಕರು 2003ರಲ್ಲಿ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ, ಕನ್ನಡ ಕಲಿಯುವ ಮಕ್ಕಳು ಕ್ರಿಯಾಪದದ ಅರ್ಥವನ್ನು ‘ಇಸು’ ಪ್ರತ್ಯಯದಿಂದ ಊಹಿಸುತ್ತಾರೆಯೋ ವಾಕ್ಯದ ನಾಮಪದಗಳ ಸಂಖ್ಯೆಯಿಂದಲೋ ಎಂದು ಪರೀಕ್ಷಿಸಿದ ಲೇಖನವನ್ನೇ ತೆಗೆದುಕೊಳ್ಳೋಣ. ಅದನ್ನು ಉಲ್ಲೇಖಿಸುವ ಹೊಸ ಲೇಖನಗಳ ಸೂಚನೆಯನ್ನು ಇಟ್ಟುಕೊಂಡವರು ಭಾಷಾಕಲಿಕೆಯ ಚರ್ಚೆಯ ಒಂದು ಮುಖ್ಯ ಎಳೆಯೊಡನೆ ನಡೆಯಬಲ್ಲರು. ಪದಗಳು ಎಷ್ಟೇ ಬದಲಾದರೂ ಆ ಎಳೆ ಕಡಿಯುವುದಿಲ್ಲ. ಆದರೆ ‘ಇಸು’ ಪ್ರತ್ಯಯವನ್ನು ಕುರಿತು ಕನ್ನಡದಲ್ಲಿ ಬರೆದವರು ಆ ಲೇಖನವನ್ನು ಉಲ್ಲೇಖಿಸಿರದಿದ್ದರೆ, ಅಥವಾ ಉಲ್ಲೇಖಿಸಿದ್ದರೂ ಅವರ ಗ್ರಂಥಋಣ ಸೂಚಿಗೆ ಸೇರಿರದಿದ್ದರೆ, ಅವರು ಆ ನಡಿಗೆಯಲ್ಲಿ ಎಂದೂ ಎದುರಾಗುವುದಿಲ್ಲ. ಉಲ್ಲೇಖದ ಜಾಲ ಒಂದು ವಿದ್ವತ್ ಸಮುದಾಯದ ಒಳಮಾತುಕತೆಯ ದಾಖಲೆ. ಎರಡು ಸಮುದಾಯಗಳು ಪರಸ್ಪರ ಓದದಿದ್ದರೆ ಜಾಲವೂ ಎರಡಾಗಿಯೇ ಉಳಿಯುತ್ತದೆ. ನಮ್ಮ ಶಾಸ್ತ್ರದಲ್ಲಿ ಕನ್ನಡದಲ್ಲಿ ಬರೆಯುವವರು ಮತ್ತು ಕನ್ನಡದ ಬಗ್ಗೆ ಬರೆಯುವವರು ಎಂಬ ಎರಡು ಸಮುದಾಯಗಳಿರುವುದು ಸಾಧನದ ತಪ್ಪಲ್ಲ. ಸಾಧನ ಆ ಬಿರುಕನ್ನು ಕಾಯಂಗೊಳಿಸುತ್ತದೆ ಎಂಬುದಷ್ಟೇ ನಮ್ಮ ಆರೋಪ.

ಪದವನ್ನಲ್ಲ, ಅರ್ಥಸಾಮ್ಯವನ್ನೇ ಅಳೆಯುವ ಹೊಸ ಮಾದರಿಗಳು ಇದನ್ನೆಲ್ಲ ಪರಿಹರಿಸುತ್ತವೆ ಎಂಬ ಉತ್ತರವನ್ನೂ ನಾವು ಕೇಳುತ್ತೇವೆ. 2020ರ ‘ಸ್ಪೆಕ್ಟರ್’ ಈ ಬಗೆಯ ಪ್ರಸಿದ್ಧ ಮಾದರಿ. ಅದು ನಿಂತಿರುವುದು 2019ರ ‘ಸೈಬರ್ಟ್’ ಎಂಬ ಮಾದರಿಯ ಮೇಲೆ. ಸೈಬರ್ಟ್ ತರಬೇತಿ ಪಡೆದ 11.4 ಲಕ್ಷ ಲೇಖನಗಳಲ್ಲಿ ಶೇ. 82 ಜೀವವೈದ್ಯಕೀಯದವು, ಶೇ. 18 ಗಣಕವಿಜ್ಞಾನದವು. ಇಂಗ್ಲಿಷಿನಲ್ಲಿಯೇ ಭಾಷಾವಿಜ್ಞಾನಕ್ಕೆ ಅಲ್ಲಿ ಪ್ರತ್ಯೇಕ ಪಾಲಿಲ್ಲ. ಕನ್ನಡದ ಮಾತಂತೂ ದೂರ ಉಳಿಯಿತು. ಬಹುಭಾಷಾ ಮಾದರಿಗಳು ಬೆಳೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಪೌಂಡಿನ ಚಿಹ್ನೆಯಾಗಿ ಕುಳಿತ ಅಕ್ಷರಕ್ಕೆ ಯಾವ ಮಾದರಿಯೂ ಅರ್ಥ ಹಚ್ಚಲಾರದು.

6. ಸಾಧನದ ಗುಣ ಮತ್ತು ನಮ್ಮ ಹೊಣೆ

ಇಷ್ಟೆಲ್ಲ ಹೇಳಿದ ಮೇಲೂ ನಾವು ಈ ಸಾಧನವನ್ನು ಬಿಡಿರೆಂದು ಹೇಳುವವರಲ್ಲ. ದುಬಾರಿ ದತ್ತಸಂಚಯಗಳಿಗೆ ಚಂದಾ ಕಟ್ಟಲಾಗದ ಕಾಲೇಜಿನ ಅಧ್ಯಾಪಕರೊಬ್ಬರು ತಮ್ಮ ಕ್ಷೇತ್ರದ ಹೊಸ ಬರಹವನ್ನು ದೊಡ್ಡ ವಿಶ್ವವಿದ್ಯಾಲಯದವರಷ್ಟೇ ಬೇಗ ತಿಳಿಯುವಂತಾದದ್ದು ಸಣ್ಣ ಸಾಧನೆಯಲ್ಲ. ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ನಿರೂಪಿಸಿದರು. ಅವುಗಳಲ್ಲಿ ನಾಲ್ಕನೆಯದು ಓದುಗನ ಸಮಯದ ಉಳಿತಾಯಕ್ಕೆ ಸಂಬಂಧಿಸಿದ್ದು. ಅದನ್ನು ಈ ತಂತ್ರಾಂಶ ಚೆನ್ನಾಗಿ ಪಾಲಿಸುತ್ತದೆ. ಆದರೆ ಮೂರನೆಯ ಸೂತ್ರ ಪ್ರತಿಯೊಂದು ಗ್ರಂಥಕ್ಕೂ ಅದರ ಓದುಗ ದೊರೆಯಬೇಕೆಂಬುದು. ಓದುಗನ ಕಡೆಯಿಂದ ಹೊರಟ ಸೇವೆ ಗ್ರಂಥದ ಕಡೆಯಿಂದ ನೋಡಲಾರದು. ಅದೇ ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಹೊಸ ಬರಹವನ್ನು ಪದದಿಂದಲ್ಲದೆ ವಿಷಯದ ಮುಖಗಳಿಂದ ವರ್ಗೀಕರಿಸುವ ವಿದ್ಯೆ ನಮ್ಮ ಊರಿನಲ್ಲಿಯೇ ಬೆಳೆದಿದೆ ಎಂಬುದನ್ನು ನಾವು ಮರೆಯಬಾರದು.

ಆದ್ದರಿಂದ ಮೂರು ಕೆಲಸಗಳನ್ನು ಸೂಚಿಸುತ್ತೇವೆ. ಮೊದಲನೆಯದು ಸಂಪಾದಕರದು. ಪ್ರತಿ ಲೇಖನವನ್ನೂ ಯೂನಿಕೋಡ್ ಪಠ್ಯವಿರುವ ಪ್ರತ್ಯೇಕ ಕಡತವಾಗಿ ಪ್ರಕಟಿಸಬೇಕು. ಶೀರ್ಷಿಕೆ, ಸಾರಾಂಶಗಳನ್ನು ಎರಡೂ ಭಾಷೆಗಳಲ್ಲಿ ಕೊಡಬೇಕು. ಗ್ರಂಥಸೂಚಿಯ ತಲೆಬರಹವೂ ಎರಡು ಭಾಷೆಗಳಲ್ಲಿರಬೇಕು. ಪ್ರಮುಖ ಪದಗಳಲ್ಲಿ ಲೇಖಕರು ತಾವು ಬಳಸಿದ ಪದವನ್ನು ಮಾತ್ರವಲ್ಲ, ತಾವು ಬಳಸದ ಪರ್ಯಾಯವನ್ನೂ ಬರೆಯಬೇಕು: ‘ಧ್ವನಿಮಾ’ ಎಂದು ಬರೆದವರು ‘ಸ್ವನಿಮ’ವನ್ನೂ, ‘ವ್ಯಾಕರಣ’ವೆಂದವರು ‘ಸೊಲ್ಲರಿಮೆ’ಯನ್ನೂ ಸೇರಿಸಲಿ. ಇದರಿಂದ ಯಾರ ಸಿದ್ಧಾಂತಕ್ಕೂ ಭಂಗವಿಲ್ಲ. ದ್ವಿಭಾಷಾ ಪತ್ರಿಕೆಯ ಅರ್ಧದಷ್ಟು ಪುಟಗಳು ಯಂತ್ರದ ಕಣ್ಣಿಗೆ ಖಾಲಿಯಾಗಿ ಕಾಣುವುದಾದರೆ, ಅದು ದ್ವಿಭಾಷಾ ಪತ್ರಿಕೆಯೆಂದು ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಎರಡನೆಯದು ವಿಭಾಗಗಳದು. ಗಾರ್ಫೀಲ್ಡ್ ಅವರ ಹಳೆಯ ‘ಕರೆಂಟ್ ಕಂಟೆಂಟ್ಸ್’ ಮಾಡುತ್ತಿದ್ದ ಕೆಲಸ ಬಹಳ ಸರಳ: ಪತ್ರಿಕೆಗಳ ಪರಿವಿಡಿಗಳನ್ನು ಒಟ್ಟುಗೂಡಿಸಿ ಮರುಮುದ್ರಿಸುವುದು. ಕನ್ನಡದಲ್ಲಿ ಭಾಷಾವಿಜ್ಞಾನವನ್ನು ಪ್ರಕಟಿಸುವ ನಿಯತಕಾಲಿಕಗಳ ಸಂಖ್ಯೆ ಕಡಿಮೆ. ನಾಲ್ಕು ವಿಭಾಗಗಳು ಸರದಿಯಂತೆ ಅವುಗಳ ಪರಿವಿಡಿಗಳನ್ನು ಬೆರಳಚ್ಚಿಸಿ ಹಂಚಿಕೊಂಡರೂ ಯಾವ ಅಲರ್ಟೂ ಕೊಡದ ಸೂಚಿಯೊಂದು ಸಿದ್ಧವಾಗುತ್ತದೆ. ಜೊತೆಗೆ, ಒಂದು ನಾಮಪದವನ್ನು ಕೊಟ್ಟರೆ ಅದರ ವಿಭಕ್ತಿ, ವಚನ, ಅವಧಾರಣೆಗಳ ರೂಪಗಳನ್ನೆಲ್ಲ ಉತ್ಪಾದಿಸಿ ಕೋರಿಕೆಯನ್ನು ವಿಸ್ತರಿಸುವ ಪುಟ್ಟ ಉಪಕರಣವೊಂದನ್ನು ಕಟ್ಟುವುದು ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಯೋಜನೆಗೆ ಯೋಗ್ಯವಾದ ವಿಷಯ. ಪದರಚನೆಯ ಜ್ಞಾನ ನಮ್ಮಲ್ಲಿದೆ. ಅದನ್ನು ನಮ್ಮ ಓದಿಗೇ ಬಳಸಿಕೊಂಡಿಲ್ಲ.

ಮೂರನೆಯದು ಸಂಶೋಧಕರದೂ ಮಾರ್ಗದರ್ಶಕರದೂ. ಕ್ಷೇತ್ರಕಾರ್ಯ ಮಾಡಿದವರು ಯಾವ ಊರು, ಎಷ್ಟು ಮಂದಿ ವಕ್ತೃಗಳು, ಯಾವ ಪ್ರಶ್ನಾವಳಿ ಎಂಬುದನ್ನು ಬರೆಯದೆ ಬಿಟ್ಟರೆ ನಾವು ಪ್ರಬಂಧವನ್ನು ಒಪ್ಪುವುದಿಲ್ಲ. ಸಾಹಿತ್ಯ ಸಮೀಕ್ಷೆಗೂ ಇದೇ ಶಿಸ್ತು ಸಲ್ಲಬೇಕು. ಯಾವ ಸಾಧನದಲ್ಲಿ, ಯಾವ ಲಿಪಿಯಲ್ಲಿ, ಯಾವ ಪದರೂಪಗಳಿಂದ, ಎಂದಿನಿಂದ ಎಂದಿನವರೆಗೆ ಹುಡುಕಲಾಯಿತು. ಯಾವ ಅಚ್ಚಾದ ಸಂಪುಟಗಳನ್ನು ಕೈಯಿಂದ ತಿರುವಿ ನೋಡಲಾಯಿತು. ಯಾವುದನ್ನು ನೋಡಲಾಗಲಿಲ್ಲ: ಇವು ಒಂದು ಪುಟದಲ್ಲಿ ಮುಗಿಯುವ ವಿವರಗಳು. ಇದನ್ನು ಬರೆದವರಿಗೆ, ಅಧ್ಯಯನ ನಡೆದೇ ಇಲ್ಲವೆಂಬ ವಾಕ್ಯವನ್ನು ಬರೆಯಲು ಮನಸ್ಸಾಗುವುದಿಲ್ಲ. ನಾವು ಹುಡುಕಿದ ಆಕರಗಳಲ್ಲಿ ಅಂತಹ ಅಧ್ಯಯನ ಕಂಡುಬರಲಿಲ್ಲ ಎಂದು ಅವರು ಬರೆಯುತ್ತಾರೆ. ಎರಡನೆಯ ವಾಕ್ಯದ ಧ್ವನಿ ತಗ್ಗಿದ್ದು. ಆದರೆ ಮೌಖಿಕ ಪರೀಕ್ಷೆಯಲ್ಲಿ ಯಾರು ಯಾವ ಹಳೆಯ ಸಂಪುಟವನ್ನು ಮುಂದಿಟ್ಟರೂ ಅದು ಸುಳ್ಳಾಗುವುದಿಲ್ಲ.